ಒಳಮಡಿಕೆ

ಹೆಂಡತಿಯ ಹೊಲಿಗೆ ಮಿಷಿನ್ನಿನ ಡ್ರಾಯರಿಗೆ ಬೀಗ ಬಿದ್ದಿರುವುದನ್ನು ಅವನು ಕಂಡದ್ದು ಅಂದೇ ಮೊದಲು. ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಬೀಗ ರಿಪೇರಿ ಅವನ ಕಸುಬು. ಬೀದಿಯವರ ಬಾಯಲ್ಲಿ ಅವನು ಬೀಗದಣ್ಣ. ಊರಿಗೆಲ್ಲ ಬಾಗಿಲು ತೆಗೆಯುವವನಿಗೆ ಮನೆಯ ಬಾಗಿಲನ್ನು ಮಾತ್ರ ನಾನೇ ತೆಗೆಯಬೇಕು ಎಂದು ಹೆಂಡತಿ ಗಿರಾಕಿಗಳೆದುರು ಛೇಡಿಸುತ್ತಿದ್ದಳು. ತಂತಿ ಡ್ರಾಯರಿನ ಬೀಗದೊಳಗೆ ಹೋಗಿ ಹೊರಳಿತು. ಬೀಗ ಬಾಯಿಬಿಟ್ಟಿತು.

ಗುಂಡಿಗಳು, ದಾರದ ಉಂಡೆ, ಟೇಪು. ಅವುಗಳ ಹಿಂದೆ ಬಟ್ಟೆ ಸುತ್ತಿ ಬಿಗಿದ ಒಂದು ಡಬ್ಬಿ. ತೇವ ಹೀರಲೆಂದು ಡಬ್ಬಿಯ ತಳಕ್ಕೆ ಅಕ್ಕಿ ಹಾಸಿತ್ತು. ಅಕ್ಕಿಯ ಮೇಲೆ ಮಾತ್ರೆಗಳು. ಬೆಳ್ಳಿಹಾಳೆ ಹರಿಯದಂತೆ ಒಂದೊಂದನ್ನೇ ಕತ್ತರಿಯಿಂದ ಬಿಡಿಸಿ ಜೋಡಿಸಿದ್ದಳು. ಡಬ್ಬಿ ತುಂಬಿತ್ತು.

ಅವನು ಡಬ್ಬಿಯನ್ನು ಮುಂದಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತ.

ಬೆಳಿಗ್ಗೆಯಷ್ಟೇ ಡಾಕ್ಟರು ಅವನೊಬ್ಬನನ್ನೇ ಕರೆಸಿಕೊಂಡಿದ್ದರು. ಕೈಯಲ್ಲಿ ಅವಳ ರಕ್ತದ ವರದಿ. ಬಹಳ ಹೊತ್ತು ಅದನ್ನೇ ನೋಡಿ, "ಮಾತ್ರೆ ನಡುನಡುವೆ ಬಿಟ್ಟಿದ್ರಾ?" ಎಂದು ಕೇಳಿದರು.

ದಿನಾ ತನ್ನ ಕಣ್ಣೆದುರೇ ತೆಗೆದುಕೊಳ್ಳುತ್ತಾಳೆ ಎಂದು ಅವನು ಮಗಳ ಮೇಲೆ ಆಣೆ ಮಾಡಿದ.

"ಹಾಗಾದ್ರೆ ಮಾತ್ರೆನೇ ಸೋತಿದೆ. ಇದು ಮೊದಲಿನ ನಿಧಾನದ ಕಾಯಿಲೆ ಅಲ್ಲ ಈಗ. ಬೇರೆ ಔಷಧಿ ಕೊಟ್ಟು ನೋಡೋಣ. ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ."

ಹೋದ ವರ್ಷ ಇದೇ ಕೋಣೆಯಲ್ಲಿ ಇದೇ ಡಾಕ್ಟರು ನಗುನಗುತ್ತ ಮಾತಾಡಿದ್ದರು. ರಕ್ತದ ಕ್ಯಾನ್ಸರ್ ಹೌದು, ಬಿಳಿಕಣಗಳು ಮಿತಿಮೀರಿ ಹೆಚ್ಚುವ ಜಾತಿ. ಆದರೆ ಬೇಗ ಸಿಕ್ಕಿದೆ. ದಿನಕ್ಕೊಂದು ಮಾತ್ರೆ ತಪ್ಪದೆ ತೆಗೆದುಕೊಂಡರೆ ಮುದುಕಿಯಾಗಿ ಮೊಮ್ಮಕ್ಕಳನ್ನು ಆಡಿಸುತ್ತಾಳೆ ಎಂದಿದ್ದರು. ಅವಳು ಹೊರಗಿನ ಬೆಂಚಿನಲ್ಲಿ ನಿದ್ದೆಹೋದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗಿನ ಮಾತನ್ನು ಅವನೇ ಓಡಿಬಂದು ಅವಳಿಗೆ ಮುಟ್ಟಿಸಿದ್ದ. ಸಂತೋಷಕ್ಕೆ ಅವನ ನಾಲಿಗೆ ತೊದಲುತ್ತಿತ್ತು.

ಮೊದಲ ತಿಂಗಳುಗಳು ಕಷ್ಟದವು. ಬೆಳಗಾದರೆ ಅವಳ ಕಣ್ಣಿನ ಸುತ್ತ ಊತ. ಹೊಲಿಯಲು ಕೂತರೆ ಮೀನಖಂಡ ಹಿಡಿದುಕೊಂಡು ಪೆಡಲ್ ತುಳಿಯಲಾಗುತ್ತಿರಲಿಲ್ಲ. ಊಟದ ವಾಸನೆಗೇ ವಾಂತಿ. ಒಮ್ಮೆ ಬಚ್ಚಲಿನ ಗೋಡೆಗೆ ಹಣೆಯಿಟ್ಟು, "ಸಾಕಾಗಿಹೋಯ್ತು ರೀ" ಎಂದಿದ್ದಳು. ಹೆಣ್ಣು ಹಾಗೆ ಅಂದರೆ ಹಗುರವಾಗಿ ತಗೋಬೇಡ, ಒಂದು ಕಣ್ಣಿಟ್ಟಿರು ಎಂದು ಅವನ ಅಕ್ಕ ಎಚ್ಚರಿಸಿದ್ದಳು. ಅವನು ಎರಡೂ ಕಣ್ಣಿಟ್ಟಿದ್ದ. ಊಟ ಮುಗಿದೊಡನೆ ದೊಡ್ಡ ಲೋಟದ ತುಂಬ ನೀರು ತಂದುಕೊಡುತ್ತಿದ್ದ. ಅವಳು ಮಿಷಿನ್ನಿನ ಕಡೆ ತಿರುಗಿ ಮಾತ್ರೆ ಬಿಡಿಸಿ, ಗಟಗಟನೆ ಕುಡಿದು, ಖಾಲಿ ಲೋಟ ಹಿಂದಿರುಗಿಸುತ್ತಿದ್ದಳು.

ಬರುಬರುತ್ತ ಊತ ಇಳಿಯಿತು, ವಾಂತಿ ನಿಂತಿತು. ಮೈ ಔಷಧಿಗೆ ಒಗ್ಗಿತು ಎಂದು ಅವನು ಹಿಗ್ಗಿದ. ಆಸ್ಪತ್ರೆಯ ಕಿಟಕಿಯಲ್ಲಿ ಮಾತ್ರೆ ಕೊಡುವ ದಿನವನ್ನು ಅವಳು ಮಾತ್ರ ಎಂದೂ ಮರೆತವಳಲ್ಲ. ಜ್ವರವಿದ್ದರೂ ಹೋಗಿ ಸಾಲಿನಲ್ಲಿ ನಿಂತು ತರುತ್ತಿದ್ದಳು.

ಈಗ ಎಲ್ಲವೂ ಬೇರೆಯದೇ ಅರ್ಥ ಹೇಳುತ್ತಿತ್ತು. ಅವನು ಇಷ್ಟು ದಿನ ನೋಡಿದ್ದು ಅವಳು ನೀರು ಕುಡಿಯುವುದನ್ನು ಮಾತ್ರ. ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಡಬ್ಬಿಯೊಳಗೆ ದುಂಬಿಯಾಗಿ ಕೂತಿರುತ್ತದೆ. ಈ ಡಬ್ಬಿಯಲ್ಲಿ ಕೂತಿದ್ದುದು ಸಾವು. ಒಂದೇ ಸಲಕ್ಕೆ ನುಂಗಲು ಕೂಡಿಟ್ಟ ಸಾವು. ಅವಳಿಗೆ ಬದುಕುವ ಮನಸ್ಸೇ ಇರಲಿಲ್ಲ. ಗಂಡನೂ ಬೇಡ, ಮಗಳೂ ಬೇಡ.

ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ಹೆಂಡತಿ ಮಗಳನ್ನು ಶಾಲೆಯಿಂದ ಕರೆತಂದಿದ್ದಳು. ಹುಡುಗಿ ಬ್ಯಾಗು ಎಸೆದು ಹಿತ್ತಲಿಗೆ ಓಡಿದಳು. ಒಳಗೆ ಬಂದವಳು ತೆರೆದ ಡ್ರಾಯರು ನೋಡಿದಳು, ಗಂಡನ ಮುಂದಿನ ಡಬ್ಬಿ ನೋಡಿದಳು. ಒಂದೇ ಹೆಜ್ಜೆಗೆ ಬಂದು ಡಬ್ಬಿ ಎತ್ತಿಕೊಂಡು ಮುಚ್ಚಳ ಒತ್ತಿದಳು.

"ಹೀಗೆ ಗಾಳಿಗೆ ತೆರೆದಿಟ್ರೆ ಕೆಟ್ಟುಹೋಗಲ್ವಾ?"

"ಕೆಟ್ರೆ ಕೆಡಲಿ." ಅವನು ಕಣ್ಣೀರಿನಲ್ಲೇ ತಲೆಯೆತ್ತಿದ. "ಹೋಗಲೇಬೇಕು ಅಂತ ಇಷ್ಟೊಂದು ಆತುರ ಇದ್ರೆ ನನಗೊಂದು ಮಾತು ಹೇಳಬಾರದಿತ್ತಾ? ಮಗುವಿನ ಮುಖನಾದ್ರೂ ನೋಡಬಾರದಿತ್ತಾ?"

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಪಕ್ಕದಲ್ಲೇ ನೆಲಕ್ಕೆ ಕೂತಳು. ಅವನ ಕಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು. ಹಠ ಹಿಡಿದ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಮಾತ್ರೆ ಇರೋತನಕ ಜೀವಕ್ಕೆ ಭಯ ಇಲ್ಲ ಅಂತ ಅವತ್ತು ನೀವೇ ತಾನೆ ಓಡಿಬಂದು ಹೇಳಿದ್ದು? ಆಸ್ಪತ್ರೆಯವರು ಎಷ್ಟು ದಿನ ಅಂತ ಸುಮ್ನೆ ಕೊಡ್ತಾರೆ? ಅದಕ್ಕೇ ಮೈ ಹಗುರ ಅನ್ನಿಸಿದ ದಿನ ತಿನ್ನದೆ ಎತ್ತಿಟ್ಟೆ. ಬೆಳೆಯೋ ಮಕ್ಕಳ ಬಟ್ಟೆಗೆ ಒಳಗಡೆ ಒಂದಿಷ್ಟು ಮಡಿಸಿ ಬಿಡ್ತೀವಲ್ಲ, ಆಮೇಲೆ ಬಿಚ್ಚಿ ಉದ್ದ ಮಾಡ್ಕೊಳ್ಳೋಕೆ..."

ಹಿತ್ತಲಿನಲ್ಲಿ ಮಗಳು ಯಾರೊಂದಿಗೋ ಜಗಳವಾಡುತ್ತಿದ್ದಳು. ಅವಳು ಆ ಕಡೆ ನೋಡಿ ನಕ್ಕಳು.

"ಹಾಗೆ ಒಳಗೆ ಬಿಟ್ಟಿದ್ದು ರೀ, ಇವಳು ದೊಡ್ಡವಳಾಗೋತನಕ ನಾನು ಬಾಳಿಕೆ ಬರಲಿ ಅಂತ."