ಕೊನೆಯ ವಿಮಾನಕ್ಕೆ ವಿದಾಯ

ಸರ್ಕಾರಿ ವಿಮಾನ ಸಂಸ್ಥೆ ಮೆರೆಯುತ್ತಿದ್ದಾಗ ಬಜಪೆ ವಿಮಾನ ನಿಲ್ದಾಣದ ಗೂಡಿನಲ್ಲಿ ಪ್ರತಿ ಮಳೆಗಾಲವೂ ಮರಿ ವಿಮಾನಗಳು ಮೊಟ್ಟೆಯೊಡೆದು ಬರುತ್ತಿದ್ದವು. ಸಂಸ್ಥೆ ಮುಚ್ಚಿದ ಮೇಲೆ ಉಳಿದದ್ದು ಒಂದೇ. ಅದೂ ರೆಕ್ಕೆ ಮಡಚಿಕೊಂಡು ಮಂಕಾಗಿ ಕೂತುಬಿಟ್ಟಿತ್ತು.

“ಇನ್ನು ಇದು ಹಾರ್ಲಿಕ್ಕಿಲ್ಲ ಬಾಯಮ್ಮ. ನಾಳೆ ಗುಜರಿಯವರು ಬರ್ತಾರೆ,” ಎಂದ ವಿಮಾನಗಳಿಗೆ ಕಾಳು ಹಾಕುವ ಶೀನಪ್ಪ.

ನಿವೃತ್ತ ಗಗನಸಖಿ ಫೆಲ್ಸಿ ಬಾಯಿ ಸಂಸ್ಥೆಯ ಹಳೆಯ ಸೀರೆಯುಟ್ಟು, ವಿದಾಯ ಹೇಳಲೆಂದೇ ಬಂದಿದ್ದರು. ವಿಮಾನದ ಬಾಗಿಲಲ್ಲಿ ನಿಂತು ಕೈಮುಗಿದರು. ಆದರೆ ಆ ಬಾಗಿಲಲ್ಲಿ ನಿಂತ ರೂಢಿ ಬಿಡಬೇಕಲ್ಲ! ಬಾಯಿ ತಪ್ಪಿ, “ನಮಸ್ಕಾರ, ನಿಮಗೆಲ್ಲ ಸ್ವಾಗತ. ಬೆಲ್ಟ್ ಕಟ್ಟಿಕೊಳ್ಳಿ,” ಎಂದುಬಿಟ್ಟರು.

ಗೂಡಿನ ತಗಡು ಗಡಗಡ ನಡುಗಿತು. ವಿಮಾನ ರೆಕ್ಕೆ ಬಿಚ್ಚಿತ್ತು.

“ಅಯ್ಯೋ, ಎಂತ ಹೇಳಿದ್ರಿ ಮಾರಾಯ್ರೆ!”

ಜೀವಮಾನವಿಡೀ ವಿಮಾನ ಸಾಕಿಯೂ ಒಮ್ಮೆಯೂ ಹಾರದ ಶೀನಪ್ಪ ಕಾಳಿನ ಬುಟ್ಟಿ ಎಸೆದು, ಮೆಟ್ಟಿಲೇರಿ ಓಡಿ, ಕಿಟಕಿ ಪಕ್ಕ ಕುಳಿತ.

“ಬಾಯಮ್ಮ, ಇದನ್ನು ಕಟ್ಟುದು ಹೇಗೆ?”