ಮೂರನೆಯ ಕಲ್ಲು

"ಯಾಕ್ಲಾ ಉಳಿ ಕೆಳಗಿಟ್ಟೆ? ಸಾಯಂಕಾಲಕ್ಕೆ ಲಾರಿ ಬತ್ತದೆ" ಎಂದು ಸೂಪರ್‌ವೈಸರ್ ಸೋಮೇಶ್ ಗದರಿದ.

ಬದನಗುಪ್ಪೆಯ ಆ ಗ್ರಾನೈಟ್ ಶೆಡ್ಡಿನಲ್ಲಿ ಮಹಾಲಿಂಗನ ಮುಂದೆ ಎರಡು ಕರಿಯ ಸಮಾಧಿ ಕಲ್ಲುಗಳಿದ್ದವು. ಒಂದು ಉಕ್ರೇನಿಗೆ, ಇನ್ನೊಂದು ದಕ್ಷಿಣ ಆಫ್ರಿಕಾಕ್ಕೆ. ಕೆತ್ತಬೇಕಾದ ಅಕ್ಷರಗಳನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಕಳಿಸಿದ್ದರು. ಮಹಾಲಿಂಗ ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಅವನ ಉಳಿ ಮಾತ್ರ ಆರೇಳು ಭಾಷೆ ಬರೆಯುತ್ತಿತ್ತು. ಕಲ್ಲಿನ ಮೇಲೆ ಗೆರೆ ಇಳಿಸಿಕೊಂಡುಬಿಟ್ಟರೆ ಯಾವ ದೇಶದ ಅಕ್ಷರವಾದರೂ ಅವನಿಗೆ ಒಂದೇ. ಅರ್ಥದ ಗೊಡವೆಗೆ ಅವನು ಯಾವತ್ತೂ ಹೋದವನಲ್ಲ. ಇವತ್ತು ಯಾಕೋ ಹೋದ.

"ಇಲ್ನೋಡಿ ಸಾ. ಇದ್ರಲ್ಲಿ ಬಾಗ್ಲು ಚೌಕಟ್ಟಿನಂಗಿರೋ ಅಕ್ಸರ ಅವೆ, ಅದ್ರಲ್ಲಿ ಇಲ್ಲ. ಅದ್ರಲ್ಲಿ ಗುಣಾಕಾರದ ಗುರ್ತು ಅದೆ, ಇದ್ರಲ್ಲಿ ಇಲ್ಲ. ಎರಡೂ ತಾಳೇನೇ ಆಗಲ್ಲ. ಆದ್ರೆ ಕೊನೇ ಮಾತು ನೋಡಿ, ಮೂರಕ್ಸರ ಒಂದೇ. ನಾಕ್ನೇದು ಮಾತ್ರ ಇಲ್ಲಿ ಸೊನ್ನೆ."

ಬಿ.ಎಸ್ಸಿ. ಓದಿದ್ದ ಸೋಮೇಶನಿಗೂ ಆ ಭಾಷೆಗಳು ಬರುತ್ತಿರಲಿಲ್ಲ. ಆರ್ಡರ್ ಹಾಳೆಯ ಕೆಳಗೆ ಇಂಗ್ಲಿಷಿನಲ್ಲಿ ಪದಪದಕ್ಕೂ ಅರ್ಥ ಟೈಪು ಮಾಡಿದ್ದರು, ಅದನ್ನು ಓದಿದ. "ಲೋ, ಎರಡೂ ತಾಯಿ ಕಲ್ಲು ಕಣ್ಲಾ. ಇದು ಮಾಮೊ, ಅದು ಮಾಮ. ಬರೆದಿರೋದೂ ಒಂದೇ. ನೆಮ್ಮದಿಯಾಗಿ ಮಲಗು ಅವ್ವ, ಅಂತ."

"ಇದ್ರಲ್ಲಿ ಓ ಯಾಕ್ ಸಾ?"

"ನಂಗೇನ್ಲಾ ಗೊತ್ತು?"

"ಕರೆಯೋದಿರ್ಬೇಕು ಬುಡಿ. ದೂರ ಇದ್ರೆ ನಾವೂ ಅವ್ವೋ ಅನ್ನಲ್ವ?"

"ನೀನು ಮೈಸೂರಲ್ಲಿ ಪ್ರೊಫೆಸರ್ ಆಗ್ಬೇಕಾಗಿತ್ತು ಕಣ್ಲಾ, ಇಲ್ಲಿ ಬಂದು ಧೂಳು ಕುಡೀತಿದ್ದೀಯ" ಎಂದು ಸೋಮೇಶ್ ನಕ್ಕ. ಆಮೇಲೆ ಗುಣಾಕಾರದ ಗುರುತಿನ ಮೇಲೆ ಬೆರಳಿಟ್ಟ. "ಹೋದ ತಿಂಗಳು ಕಲ್ಲು ಆರಿಸೋಕೆ ಆಫ್ರಿಕಾದೋರು ಬಂದಿದ್ರಲ್ಲ, ಅವರ ಮಾತಿದು. ಖೋಸಾ ಅಂತಾರೆ. ಇದನ್ನ ಅವರು ಹಿಂಗೆ ಅಂತಿದ್ರು." ನಾಲಿಗೆಯನ್ನು ದವಡೆಗೆ ಒತ್ತಿ, ಎತ್ತಿಗೆ ಮಾಡುವ ಹಾಗೆ 'ಟ್ಲಕ್' ಅನ್ನಿಸಿದ. "ನೆಮ್ಮದಿ ಅನ್ನೋ ಪದದ ನಡುಮಧ್ಯೆ ಈ ಸದ್ದು, ನೋಡ್ಲಾ!"

ಮಹಾಲಿಂಗ ನಗಲಿಲ್ಲ. ಅದು ಅವನ ಅವ್ವ ರಾಚಮ್ಮನ ಸದ್ದು. ಉಮ್ಮತ್ತೂರಿನಲ್ಲಿ ಅವಳು ಪಟೇಲರ ಮನೆಯ ದನ ಮೇಯಿಸುತ್ತಿದ್ದಳು. ಹೊತ್ತಿಳಿಯುವಾಗ ಕೆರೆ ಏರಿಯ ಮೇಲೆ ನಿಂತು ಒಮ್ಮೆ ಹಾಗೆ ನಾಲಿಗೆ ಹೊಡೆದರೆ ಚೆದುರಿದ್ದ ಕರುಗಳೆಲ್ಲ ತಲೆ ಎತ್ತಿ ಬರುತ್ತಿದ್ದವು. ಗೋಲಿ ಆಡುತ್ತಿದ್ದ ಮಹಾಲಿಂಗನೂ ಎದ್ದು ಬರುತ್ತಿದ್ದ.

ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಅವಳ ಸಮಾಧಿಗೆಂದು ಧಣಿಗಳನ್ನು ಕೇಳಿ ಪಡೆದಿದ್ದ ಎರಡಡಿಯ ತುಂಡುಕಲ್ಲು ಶೆಡ್ಡಿನ ಹಿಂದೆ ಒರಗಿಕೊಂಡೇ ಇತ್ತು. ಮೊದಲ ವರ್ಷ ಕೆಲಸದ ಒತ್ತಡ, ಎರಡನೇ ವರ್ಷ ಮಗಳ ಮದುವೆ, ಮೂರನೇ ವರ್ಷಕ್ಕೆ ನೆಪವೇ ಬೇಕಾಗಲಿಲ್ಲ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಮಹಾಲಿಂಗನ ಮನೆಗೇನೂ ಆಗಿರಲಿಲ್ಲ, ಹೆಂಚು ಹೋಗಿ ಆರ್‌ಸಿಸಿ ಬಂದಿತ್ತು. ಕಂಡರಿಯದ ಊರುಗಳ ತಾಯಂದಿರಿಗೆಲ್ಲ ಕೆತ್ತಿದ ಕೈ ತನ್ನ ಹೆತ್ತವಳಿಗೆ ಒಂದು ದಿನ ಬಿಡುವು ಮಾಡಿಕೊಳ್ಳಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಸಾಯಂಕಾಲ ಎರಡೂ ಕಲ್ಲು ಲಾರಿ ಹತ್ತಿದವು. ಮರುದಿನದಿಂದ ಊಟದ ಹೊತ್ತಿನಲ್ಲಿ ಮಹಾಲಿಂಗ ಮೂರನೆಯದಕ್ಕೆ ಕೂತ. ಕನ್ನಡದಲ್ಲಿ ಕೆತ್ತಿದ್ದು ಅದೇ ಮೊದಲು. ಕನ್ನಡದ ಆರ್ಡರು ಆ ಶೆಡ್ಡಿಗೆ ಬಂದದ್ದೇ ಇಲ್ಲ. ನಮ್ಮ ಅಕ್ಷರಗಳ ದುಂಡು ಅವನ ಉಳಿಯನ್ನು ಚೆನ್ನಾಗಿ ಸತಾಯಿಸಿತು. ನಾಲ್ಕು ದಿನದಲ್ಲಿ 'ರಾಚಮ್ಮ' ಮೂಡಿದಳು, ಅವಳ ಕೆಳಗೆ 'ನೆಮ್ಮದಿಯಾಗಿ ಮಲಗು ಅವ್ವ.'

ಭಾನುವಾರ ಕಲ್ಲನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದುಕೊಂಡು ಉಮ್ಮತ್ತೂರಿಗೆ ಬಂದ. ಗುಂಡ್ಲುಪೇಟೆಗೆ ಕೊಟ್ಟಿದ್ದ ಅಕ್ಕ ಪುಟ್ಟಸಿದ್ದಮ್ಮ ಬಸ್ಸಿಳಿದು ಅವನಿಗಾಗಿ ಕಾಯುತ್ತಿದ್ದಳು. ಹೂಳಿದ ಮೇಲೆ ಇಬ್ಬರೂ ಈ ಕಡೆ ತಲೆ ಹಾಕಿರಲಿಲ್ಲ, ಹಿರಿಯರ ಎಡೆಯನ್ನು ಅವರವರ ಮನೆಯಲ್ಲೇ ಇಟ್ಟು ಮುಗಿಸುತ್ತಿದ್ದರು.

"ಹುಣಿಸೇಮರದಿಂದ ಮೂಡ್ಲಾಗೆ ಹತ್ತೆಜ್ಜೆ" ಎಂದಳು ಪುಟ್ಟಸಿದ್ದಮ್ಮ, ಸ್ಮಶಾನದೊಳಕ್ಕೆ ಕಾಲಿಡುತ್ತ. "ಮಣ್ಣು ಹಾಕಿದ್ ದಿನ ನಾನೇ ಎಣಿಸಿವ್ನಿ ಕಣ್ಲಾ."

"ಮರ ಎಲ್ಲಕ್ಕ?"

ಅವಳು ನಿಂತಲ್ಲೇ ಒಂದು ಸುತ್ತು ತಿರುಗಿದಳು. ಮರವಿರಲಿಲ್ಲ. ರಸ್ತೆ ಅಗಲ ಮಾಡುವಾಗ ಬುಡಸಮೇತ ಕಿತ್ತಿದ್ದರು, ಅದಿದ್ದ ಜಾಗದ ಮೇಲೆ ಟಾರು ಹರಿದಿತ್ತು. ರಸ್ತೆಯ ಈಚೆ ಬದಿಗೆ ಹುಲ್ಲು ಬೆಳೆದ ಹತ್ತಾರು ಗುಡ್ಡೆಗಳು, ಎಲ್ಲವೂ ಒಂದೇ ಥರ.

"ಇದಿರ್ಬೋದಾ?" ಎಂದ ಮಹಾಲಿಂಗ.

"ಅಷ್ಟ್ ದೂರ ಇಲ್ಲ. ಈ ಕಡೆ... ಇಲ್ಲ ಕಣೋ, ನಂಗ್ ತಿಳೀತಿಲ್ಲ."

"ಯಾವ್ದಾದ್ರೂ ಒಂದ್ ಕಡೆ ನೆಟ್ಬುಡನಕ್ಕ."

"ಯಾರ್ದೋ ಅವ್ವನ ತಲೆ ಮೇಲೆ ನಮ್ಮವ್ವನ ಹೆಸರು ನೆಡಕಾಯ್ತದಾ ಮಾಲಿಂಗ?" ಪುಟ್ಟಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನು ಸೈಕಲ್ಲು ಹಿಡಿದೇ ನಿಂತಿದ್ದ. ಕಲ್ಲಿನ ಭಾರಕ್ಕೆ ಹಿಂದಿನ ಚಕ್ರ ಮಣ್ಣಿಗೆ ಇಳಿಯುತ್ತಿತ್ತು. 'ಅವ್ವೋ' ಎಂದು ಕರೆಯಲು ಹೋದ, ಯಾವ ಗುಡ್ಡೆಯ ಕಡೆ ತಿರುಗಿ ಕರೆಯಬೇಕೋ ತಿಳಿಯಲಿಲ್ಲ. ಕೊನೆಗೆ ನಾಲಿಗೆಯನ್ನು ದವಡೆಗೆ ಒತ್ತಿ ಅವಳ ಹಾಗೆಯೇ ಸದ್ದು ಮಾಡಿದ.

ಗುಡ್ಡೆಗಳ ನಡುವೆ ಮೇಯುತ್ತಿದ್ದ ಯಾರದೋ ಕರುವೊಂದು ತಲೆ ಎತ್ತಿ, ಅವನ ಕಡೆಗೆ ನಡೆದು ಬಂತು.