ಟೆನ್ಷನರಿನ ಬೋಲ್ಟು

ಬೋಲ್ಟು ತನ್ನನ್ನು ಬಿಗಿದ ಕೈಗೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಬಿಗಿದವರು ತೀರಿಕೊಂಡರೆ ವರ್ಷದೊಳಗೆ ತಾನಾಗಿ ಸಡಿಲವಾಗುತ್ತದೆ. ನನ್ನ ಗಂಡ ಪ್ರಮೋದ ಹೋಗಿ ಹನ್ನೊಂದು ತಿಂಗಳು. ನಮ್ಮ ಮನೆಯ ಫ್ಯಾನು, ನಲ್ಲಿ, ಮಂಚ ಎಲ್ಲವನ್ನೂ ಮೈದುನ ಸುಮಂತ್ ಮತ್ತೆ ಬಿಗಿದಿದ್ದಾನೆ. ಈಗ ಅವೆಲ್ಲ ಅವನ ಕೈಯವು. ನಲ್ಲಿಯ ವಾಷರ್ ಬದಲಿಸಬೇಕಾದರೂ ನಾನು ಅವನಿಗೆ ಫೋನ್ ಮಾಡಬೇಕು.

ಉಳಿದಿದ್ದು ಪ್ರಮೋದನ ಹಳೆಯ ಕಾರು. ಅದರ ಎಂಜಿನ್ನಿನ ಟೈಮಿಂಗ್ ಬೆಲ್ಟು ಸವೆದಿತ್ತು. ಭಾನುವಾರ ಬೆಳಿಗ್ಗೆ ಸುಮಂತ್ ಹೊಸ ಬೆಲ್ಟು ಹಿಡಿದು ಬಂದ.

"ನೀನು ಬಿಚ್ಚಿಕೊಡು. ಬಿಗಿಯೋದು ನಾನು," ಎಂದೆ.

"ಇದೇನು ನೀವು ಪಾಸಾದ ಎಂಎಸ್ಸಿ ಪರೀಕ್ಷೆನಾ ಅತ್ತಿಗೆ? ಕಾರು ನನ್ನ ಕೈಗೇ ಬರಲಿ ಅಂತ ಅಮ್ಮ ಹೇಳಿದ್ದಾರೆ."

ನಾನು ಬಾನೆಟ್ ಎತ್ತಿದೆ. ಬೆಲ್ಟಿನ ಕವರಿಗೆ ಪ್ರಮೋದ ಬಿಗಿದಿದ್ದ ಬೋಲ್ಟುಗಳು ಸುಮಂತ್ ಮುಟ್ಟುತ್ತಲೇ ಉದುರಿದವು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಬೋಲ್ಟು ಮಾತ್ರ ಅಲುಗಲಿಲ್ಲ. ಜೋರಾಗಿ ಎಳೆದಾಗ ಸ್ಪ್ಯಾನರ್ ಜಾರಿ ಅವನ ಬೆರಳು ತರಚಿತು.

"ಇದನ್ನ ಬಿಗಿದೋರು ಇನ್ನೂ ಬದುಕಿದ್ದಾರೆ. ಯಾವ ಮೆಕ್ಯಾನಿಕ್ ಅತ್ತಿಗೆ?"

ಆಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಪ್ರಮೋದ ಸ್ಪ್ಯಾನರನ್ನು ನನ್ನ ಕೈಗಿತ್ತು ನಕ್ಕಿದ್ದ: "ಇದೊಂದು ನೀನು ಬಿಗಿ. ಆಮೇಲೆ ಎಷ್ಟೇ ಜಗಳ ಆಗಿದ್ರೂ ನಿನ್ನ ಕರೀದೆ ನಂಗೆ ಬೆಲ್ಟು ಬದಲಿಸೋಕಾಗಲ್ಲ."

ಸ್ಪ್ಯಾನರ್ ತೆಗೆದುಕೊಂಡೆ. ಬೋಲ್ಟು ಅರ್ಧ ಸುತ್ತಿಗೇ ಬಿಟ್ಟುಕೊಟ್ಟಿತು. ಅಳು ಬರಲಿಲ್ಲ. ಹಲ್ಲುಚಕ್ರಗಳ ಗುರುತಿಗೆ ಗುರುತು ಹೊಂದಿಸಿ ಹೊಸ ಬೆಲ್ಟು ಕೂರಿಸಿದೆ, ಅದೇ ಬೋಲ್ಟನ್ನು ಮತ್ತೆ ಬಿಗಿದೆ.

ಸುಮಂತ್ ಕೆಳಗೆ ಬಿದ್ದಿದ್ದ ಕವರಿನ ಬೋಲ್ಟುಗಳನ್ನು ಆರಿಸಿ, ಒರೆಸಿ, ಒಂದೊಂದಾಗಿ ನನ್ನ ಅಂಗೈಗೆ ಹಾಕಿದ.